ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೀತಿದೆ, ನುಡಿ ಮ್ಯಾಟರ್ ಇಂಗ್ಲಿಷ್ ಆಗ್ತಿದೆ: ರಾಜ್ಯೋತ್ಸವದ ಫ್ಲೆಕ್ಸ್, ದಯವಿಟ್ಟು ದಾರಿ ಹೇಳಿ

ಕೆರೆಕೋಡಿ

ಎಲ್ಲರಿಗೂ ನಮಸ್ಕಾರ. ನವೆಂಬರ್ 1ಕ್ಕೆ ನಮ್ಮ ಬಡಾವಣೆ ಸಂಘದ ಫ್ಲೆಕ್ಸ್ ಮಾಡಬೇಕು. ಅಳತೆ 10 ಅಡಿ ಅಗಲ, 4 ಅಡಿ ಎತ್ತರ. ಫೋಟೋಶಾಪ್ ಸಿಸಿ 2019, ವಿಂಡೋಸ್ 10, ಫಾಂಟ್ ನೋಟೋ ಸ್ಯಾನ್ಸ್ ಕನ್ನಡ. ತೊಂದರೆ ನಾಲ್ಕು:

ಒಂದು, ನೋಟ್‌ಪ್ಯಾಡ್‌ನಲ್ಲಿ "ಕನ್ನಡ ರಾಜ್ಯೋತ್ಸವ" ಸರಿಯಾಗಿ ಕಾಣುತ್ತೆ. ಫೋಟೋಶಾಪ್‌ಗೆ ಪೇಸ್ಟ್ ಮಾಡಿದ ತಕ್ಷಣ "ಕನ್‌ನಡ ರಾಜ್‌ಯೋತ್‌ಸವ" ಆಗುತ್ತೆ.

ಎರಡು, ಕಾರ್ಯಕ್ರಮದ ವಿವರ ವರ್ಡ್ ಫೈಲ್‌ನಲ್ಲಿ ಬಂದಿದೆ. ಅಲ್ಲಿ ಓದೋಕೆ ಬರುತ್ತೆ, ಇಲ್ಲಿ ಹಾಕಿದರೆ ಇಂಗ್ಲಿಷ್ ಪಿ, ತಲೆ ಮೇಲೆ ಗೀರಿರುವ ಎ, ಪೌಂಡ್ ಗುರುತು, ಹೀಗೆ ಏನೇನೋ ಬರುತ್ತೆ.

ಮೂರು, ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ.

ನಾಲ್ಕು, 300 ಡಿಪಿಐ (ಇಂಚಿಗೆ 300 ಚುಕ್ಕಿ) ಇಟ್ಟಿದ್ದೇನೆ. ಫೋಟೋಶಾಪ್‌ನ ಪಿಎಸ್‌ಡಿ ಫೈಲ್ ಸೇವ್ ಆಗ್ತಾನೇ ಇಲ್ಲ.

ಯಾವುದರಿಂದ ಶುರು ಮಾಡಲಿ?

ವೇಗದೂತ

ಫೋಟೋಶಾಪ್ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡಿ, ಎಲ್ಲ ಸರಿಹೋಗುತ್ತೆ.

ಅಕ್ಷರಬಂಧು

ಬೇಡ, ಹಾಗೆ ಮಾಡಬೇಡಿ. ಹೊಸದಾಗಿ ಹಾಕಿದರೂ ಅದೇ ಸೆಟ್ಟಿಂಗ್ ಬಂದು ಕೂರುತ್ತೆ, ಅರ್ಧ ದಿನ ದಂಡ. ತಪ್ಪಿರುವುದು ಟೆಕ್ಸ್ಟ್ ಎಂಜಿನ್‌ನ ಆಯ್ಕೆಯಲ್ಲಿ.

ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಟ್ಟಿರುವ ಜಾಗತಿಕ ಪದ್ಧತಿ) "ಜ್ಯೋ" ಅಂದರೆ ಜ, ವಿರಾಮ (ಅಕ್ಷರ ಕೂಡಿಸುವ ಚಿಹ್ನೆ), ಯ, ಓ ಸ್ವರಚಿಹ್ನೆ, ಹೀಗೆ ನಾಲ್ಕು ಸಂಕೇತಗಳು ಸಾಲಾಗಿ ಕೂತಿರುತ್ತವೆ. ಯ ಒತ್ತಾಗಿ ಕೆಳಗಿಳಿಯಬೇಕು, ಸ್ವರಚಿಹ್ನೆ ಜ ಮೇಲೆ ಹತ್ತಬೇಕು ಅನ್ನುವ ನಿಯಮ ಫಾಂಟ್ ಒಳಗೇ ಇದೆ. ಆದರೆ ಆ ನಿಯಮ ಓದಿ ಜಾರಿ ಮಾಡುವ ಕೆಲಸ ಸಾಫ್ಟ್‌ವೇರ್‌ನ ಎಂಜಿನ್‌ದು. ನಿಮ್ಮಲ್ಲಿ ಚಾಲ್ತಿಯಲ್ಲಿರುವ ಎಂಜಿನ್ ಆ ನಿಯಮ ಓದುತ್ತಿಲ್ಲ, ಸಂಕೇತಗಳನ್ನು ಇದ್ದ ಹಾಗೇ ಜೋಡಿಸಿಟ್ಟಿದೆ. ಅದಕ್ಕೇ ವಿರಾಮ ಬಿಡಿಯಾಗಿ ಎದ್ದು ಕಾಣುತ್ತಿದೆ.

ಮಾಡಬೇಕಾದ್ದು: ಕಂಟ್ರೋಲ್ ಕೆ ಒತ್ತಿ ಪ್ರಿಫರೆನ್ಸಸ್ ತೆಗೆಯಿರಿ, ಎಡಗಡೆ "ಟೈಪ್" ವಿಭಾಗಕ್ಕೆ ಹೋಗಿ. ಟೆಕ್ಸ್ಟ್ ಎಂಜಿನ್ ಆಯ್ಕೆಯಲ್ಲಿ ಎರಡು ಗುಂಡಿ ಇರುತ್ತವೆ. ಒಂದರಲ್ಲಿ "ಈಸ್ಟ್ ಏಷ್ಯನ್" ಅಂತಿರುತ್ತೆ, ಇನ್ನೊಂದರಲ್ಲಿ "ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್" ಅಥವಾ "ವರ್ಲ್ಡ್-ರೆಡಿ ಲೇಔಟ್" ಅಂತಿರುತ್ತೆ. ಹೆಸರು ಆವೃತ್ತಿಗೆ ತಕ್ಕಂತೆ ಬದಲಾಗುತ್ತೆ. ಎರಡನೆಯದನ್ನು ಆರಿಸಿ, ಫೋಟೋಶಾಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ಕೆರೆಕೋಡಿ

ಸರ್, ಮಾಡಿದೆ. ಮುಚ್ಚಿ ತೆರೆದೂ ಆಯ್ತು. ಬ್ಯಾನರ್‌ನಲ್ಲಿ ಇನ್ನೂ "ರಾಜ್‌ಯೋತ್‌ಸವ" ಅಂತಲೇ ಇದೆ.

ಅಕ್ಷರಬಂಧು

ಹಳೆಯ ಲೇಯರ್ (ಚಿತ್ರದ ಪದರ) ತಾನಾಗಿ ಬದಲಾಗೋದಿಲ್ಲ. ಆ ಸೆಟ್ಟಿಂಗ್ ಹೊಸದಾಗಿ ಶುರು ಮಾಡುವ ಟೆಕ್ಸ್ಟ್‌ಗೆ ಮಾತ್ರ. ಈಗಾಗಲೇ ಇರುವ ಟೈಪ್ ಲೇಯರ್ ಆರಿಸಿಕೊಳ್ಳಿ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಬಲ ಮೂಲೆಯಲ್ಲಿರುವ ಅಡ್ಡಗೆರೆಗಳ ಮೆನು ತೆಗೆಯಿರಿ. ಅಲ್ಲಿ "ವರ್ಲ್ಡ್-ರೆಡಿ" ಅಂತ ಶುರುವಾಗುವ ಕಂಪೋಸರ್ (ಸಾಲು ಜೋಡಿಸುವ ಕ್ರಮ) ಎರಡಿವೆ: ಸಿಂಗಲ್-ಲೈನ್, ಎವ್ರಿ-ಲೈನ್. ಯಾವುದನ್ನು ಆರಿಸಿದರೂ ಒತ್ತಕ್ಷರ ಕೂಡುತ್ತೆ. ಪ್ರತಿ ಲೇಯರ್‌ಗೂ ಒಂದೊಂದು ಸಲ ಮಾಡಬೇಕು, ಅಥವಾ ಎಲ್ಲ ಟೈಪ್ ಲೇಯರ್‌ಗಳನ್ನು ಒಟ್ಟಿಗೆ ಆರಿಸಿಕೊಂಡು ಒಂದೇ ಸಲ.

ಕೆರೆಕೋಡಿ

ಬಂತು! "ಕನ್ನಡ ರಾಜ್ಯೋತ್ಸವ" ಸರಿಯಾಯ್ತು. ತುಂಬಾ ಧನ್ಯವಾದ ಸರ್.

ನೀಲಿಶಾಯಿ

ಮುಂದೆ ಓದುವವರಿಗೆ: ಫೋಟೋಶಾಪ್ 2022, ಅಂದರೆ 2021ರ ಅಕ್ಟೋಬರ್‌ನಲ್ಲಿ ಬಂದ 23ನೇ ಆವೃತ್ತಿಯಿಂದ ಈಚೆಗೆ ಎರಡು ಎಂಜಿನ್‌ಗಳ ಗೊಂದಲ ಇಲ್ಲ, ಒಂದೇ ಎಂಜಿನ್ ಎಲ್ಲ ಲಿಪಿ ನೋಡಿಕೊಳ್ಳುತ್ತೆ. ಆದರೆ ಹಳೆಯ ಪಿಎಸ್‌ಡಿ ತೆರೆದರೆ ಅದರೊಳಗಿನ ಲೇಯರ್‌ಗಳನ್ನು ಒಮ್ಮೆ ನೋಡಿಕೊಳ್ಳಲೇಬೇಕು.

ಮುದ್ರಣಮಿತ್ರ

ಎರಡನೇ ಪ್ರಶ್ನೆ ನನಗಿರಲಿ. ಆ ವರ್ಡ್ ಫೈಲ್ ಯೂನಿಕೋಡ್ ಅಲ್ಲ, ನುಡಿ ಅಥವಾ ಬರಹ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಆಗಿದೆ. ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. "ಕನ್ನಡ" ಅನ್ನೋ ಪದವನ್ನೇ ತಗೊಳ್ಳಿ. ಕ ಅಂದರೆ ದೊಡ್ಡ ಪಿ ಮತ್ತು ಗೀರಿನ ಎ, ನ ಅಂದರೆ ಪೌಂಡ್ ಗುರುತು ಮತ್ತು ಗೀರಿನ ಎ, ನ ಒತ್ತಿಗೆ ಜರ್ಮನ್ನರ ಎಸ್, ಡ ಅಂದರೆ ಚಿಕ್ಕ ಕ್ಯೂ ಮತ್ತೆ ಗೀರಿನ ಎ. ನಿಮಗೆ ಕಂಡಿದ್ದು ಇದೇ. ಕಂಪ್ಯೂಟರ್‌ಗೆ ಅದು ಇಂಗ್ಲಿಷೇ, ಕಣ್ಣಿಗೆ ಕನ್ನಡವಾಗಿ ತೋರಿಸೋದು ಫಾಂಟ್ ಮಾತ್ರ.

ಸುಲಭದ ದಾರಿ: ವರ್ಡ್‌ನಲ್ಲಿ ಆ ಸಾಲಿನ ಮೇಲೆ ಕರ್ಸರ್ ಇಟ್ಟು ಫಾಂಟ್ ಹೆಸರು ನೋಡಿ. "ನುಡಿ 01 ಇ", "ನುಡಿ 05 ಇ", "ಬಿಆರ್‌ಎಚ್ ಕನ್ನಡ" ಈ ಥರ ಇರುತ್ತೆ. ಫೋಟೋಶಾಪ್‌ನಲ್ಲಿ ಪೇಸ್ಟ್ ಮಾಡಿ ಅದೇ ಫಾಂಟ್ ಆರಿಸಿ. ಮುಗೀತು, ಓದೋಕೆ ಬರುತ್ತೆ.

ಅಕ್ಷರಬಂಧು

ಮುಗೀಲಿಲ್ಲ, ಅಲ್ಲಿಂದ ಶುರುವಾಗುತ್ತೆ. ಆಸ್ಕಿಯಲ್ಲೇ ಬಿಟ್ಟರೆ ಮೇಲಿನ ಶೀರ್ಷಿಕೆ ಒಂದು ಫಾಂಟ್, ಕೆಳಗಿನ ವಿವರ ಇನ್ನೊಂದು. ಫಾಂಟ್ ಬದಲಿಸೋಕೆ ಹೋದರೆ ಮತ್ತೆ ಪಿ, ಪೌಂಡ್ ಗುರುತು. ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ಕೆಲಸ ಮಾಡಿ. ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಇದೆ, ಆನ್‌ಲೈನಿನಲ್ಲೂ ಉಚಿತವಾಗಿ ಸಿಗುತ್ತೆ.

ಮುದ್ರಣಮಿತ್ರ

ತತ್ವ ಒಪ್ಪಿದೆ, ಆದರೆ ಊರಿನ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹಳೆಯ ಪುಟ ವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್ ನಡೀತಿದೆ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಆಮಂತ್ರಣ ಪತ್ರಿಕೆ ಅವರ ಹತ್ತಿರ, ಫ್ಲೆಕ್ಸ್ ನಿಮ್ಮ ಹತ್ತಿರ ಅಂದರೆ ಎರಡೂ ರೂಪ ಇಟ್ಟುಕೊಳ್ಳೋದೇ ಕ್ಷೇಮ. ಆಸ್ಕಿ ಫೈಲ್ ಅಳಿಸಬೇಡಿ.

ಅಕ್ಷರಬಂಧು

ಇಟ್ಟುಕೊಳ್ಳಲಿ, ಬೇಡ ಅನ್ನಲಿಲ್ಲ. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡ ಇತ್ತು. ಇನ್ನೂ ಫಾಂಟ್ ಬದಲಿಸಿದರೆ ಅಳಿದುಹೋಗುವ ಕನ್ನಡದಲ್ಲಿ ದಾಖಲೆ ಉಳಿಸೋದು ನನಗೆ ಒಪ್ಪೋದಿಲ್ಲ. ಇದು ಫ್ಲೆಕ್ಸ್, ನಾಳೆ ಇದೇ ಮ್ಯಾಟರ್ ಸಂಘದ ವರದಿಗೂ ಹೋಗುತ್ತೆ.

ಧಾರವಾಡ್_ಪೇಡೆ

ಪರಿವರ್ತನೆ ಮಾಡಿದ್ ಮ್ಯಾಲೆ ನಾಕು ಕಡೆ ಕಣ್ಣು ಇಡ್ರಿ. ಅರ್ಕಾವೊತ್ತು ಮೊದಲನೇದು. ಆಸ್ಕಿ ಒಳಗ ಅರ್ಕಾವೊತ್ತನ್ನ ಅಕ್ಷರ ಆದ ಮ್ಯಾಲೆ ಬರೀತಾರ, ಕಣ್ಣಿಗೆ ಕಾಣೋ ಕ್ರಮದಾಗ. ಯೂನಿಕೋಡ್ ಒಳಗ ರ ಮತ್ತ ವಿರಾಮ ಮೊದಲ ಬರಬೇಕು, ಬಾಯಿಲೆ ಅನ್ನೋ ಕ್ರಮದಾಗ. "ಕಾರ್ಯಕ್ರಮ", "ಸ್ಪರ್ಧೆ", "ಕರ್ನಾಟಕ" ಇವನ್ನ ಒಂದೊಂದಾಗಿ ಓದ್ರಿ. ಎರಡನೇದು, ನಡುವ ಇಂಗ್ಲಿಷ್ ಶಬ್ದ ಇದ್ರ ಪರಿವರ್ತಕ ಅದನ್ನೂ ಕನ್ನಡ ಅಂತ ತಿಳಕೊಂಡು ಅರ್ಥ ಇಲ್ಲದ ಅಕ್ಷರ ಮಾಡಿ ಇಡ್ತದ. ಮೂರನೇದು, ಫೋನ್ ನಂಬರು, ತಾರೀಖು. ನುಡಿ ಫಾಂಟಿನ ಹೆಸರಿನ ಕೊನೀಗೆ ಇರೋ "ಇ" ಅಂದ್ರ ಇಂಗ್ಲಿಷ್ ಅಂಕಿ, "ಕೆ" ಅಂದ್ರ ಕನ್ನಡ ಅಂಕಿ. ಮೂಲದಾಗ ಯಾವುದಿತ್ತೋ ನೋಡಿ ಹೊಂದಿಸ್ರಿ. ನಾಕನೇದು, ಉದ್ಧರಣ ಚಿಹ್ನೆ. ವರ್ಡ್ ತಾನ ನೆಟ್ಟನ ಚಿಹ್ನೆ ತಗದು ಡೊಂಕು ಚಿಹ್ನೆ ಹಾಕಿರ್ತದ, ಪರಿವರ್ತಕಕ್ಕ ಅದು ತಿಳಿಯಂಗಿಲ್ಲ.

ಮುದ್ರಣಮಿತ್ರ

ಆಸ್ಕಿಯಲ್ಲೇ ಮಾಡುವವರಿಗೆ ಎರಡು ಎಚ್ಚರಿಕೆ. ಕ್ಯಾರೆಕ್ಟರ್ ಪ್ಯಾನೆಲ್‌ನಲ್ಲಿ "ಆಲ್ ಕ್ಯಾಪ್ಸ್" ಒತ್ತಿಹೋಗಿದ್ದರೆ ಅಕ್ಷರವೇ ಬದಲಾಗುತ್ತೆ. "ಕನ್ನಡ"ದ ಕೊನೆಯ ಡ ಚಿಕ್ಕ ಕ್ಯೂ ಅಂದೆನಲ್ಲ, ಅದು ದೊಡ್ಡ ಕ್ಯೂ ಆದರೆ ಅಲ್ಲಿ ಕಿ ಬಂದು ಕೂರುತ್ತೆ. ಕಾಗುಣಿತ ತಪ್ಪು ಅಂತ ಟೈಪ್ ಮಾಡಿದವರನ್ನು ಬೈಯ್ಯುತ್ತಾರೆ, ತಪ್ಪು ಒಂದು ಗುಂಡಿಯದು. ಇನ್ನೊಂದು ಹೈಫನೇಶನ್. ಲೇಯರ್‌ನ ಭಾಷೆ ಇಂಗ್ಲಿಷ್ ಇರೋದರಿಂದ ಪ್ಯಾರಾಗ್ರಾಫ್ ಟೆಕ್ಸ್ಟ್‌ನಲ್ಲಿ ಸಾಲಿನ ಕೊನೆಗೆ ಪದವನ್ನು ಸಿಕ್ಕಲ್ಲಿ ಕತ್ತರಿಸಿ ಅಡ್ಡಗೆರೆ ಹಾಕುತ್ತೆ. ಸ್ವರಚಿಹ್ನೆ ಒಂದೇ ಮುಂದಿನ ಸಾಲಿಗೆ ಹೋಗಿ ಕೂತಿರುತ್ತೆ. ಪ್ಯಾರಾಗ್ರಾಫ್ ಪ್ಯಾನೆಲ್‌ನ ತಳದಲ್ಲಿ "ಹೈಫನೇಟ್" ಟಿಕ್ ತೆಗೆದುಬಿಡಿ.

ಚಿಕ್ಕೋಡಿ_ಎಕ್ಸ್‌ಪ್ರೆಸ್

ಆಸ್ಕಿ ಹೌದೋ ಅಲ್ಲೋ ತಿಳಿಯೋಕೆ ಸುಲಭ ಪರೀಕ್ಷೆ: ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಕನ್ನಡ ಉಳಿದರೆ ಯೂನಿಕೋಡ್. ಇಂಗ್ಲಿಷ್ ಕಲಸುಮೇಲೋಗರ ಬಂದರೆ ಆಸ್ಕಿ.

ವೇಗದೂತ

ಶ್ರೀಲಿಪಿ ಅನ್ನೋ ಇನ್ನೊಂದು ತಂತ್ರಾಂಶದ ಮ್ಯಾಟರ್ ಆದರೂ ನುಡಿ ಪರಿವರ್ತಕ ನಡೆಯುತ್ತಾ?

ಮುದ್ರಣಮಿತ್ರ

ಇಲ್ಲ. ಶ್ರೀಲಿಪಿಯ ಅಕ್ಷರ ಜೋಡಣೆಯೇ ಬೇರೆ. ನುಡಿ ಪರಿವರ್ತಕಕ್ಕೆ ಹಾಕಿದರೆ ಕನ್ನಡ ಲಿಪಿ ಬರುತ್ತೆ, ಪದ ಬರೋದಿಲ್ಲ. ಅದರದೇ ಪರಿವರ್ತಕ ಬೇಕು. ಒಂದು ಪುಟವೇ ಇದ್ದರೆ ಮತ್ತೆ ಟೈಪ್ ಮಾಡೋದು ಲೇಸು.

ಗೆರೆಚುಕ್ಕಿ

ಮೂರನೇ ಪ್ರಶ್ನೆ ಯಾರೂ ಮುಟ್ಟಿಲ್ಲ. ಫೋಟೋಶಾಪ್‌ನಲ್ಲಿ ಲೀಡಿಂಗ್ (ಸಾಲಿಂದ ಸಾಲಿಗಿರುವ ಅಂತರ) "ಆಟೋ" ಅಂದರೆ ಅಕ್ಷರದ ಅಳತೆಯ 120%. ಫಾಂಟ್ ಯಾವುದು, ಅದರ ಒತ್ತು ಎಷ್ಟು ಕೆಳಗಿಳಿಯುತ್ತೆ ಅಂತ ಅದು ನೋಡೋದಿಲ್ಲ. ಇಂಗ್ಲಿಷ್‌ಗೆ ಸಾಕು, ಕನ್ನಡಕ್ಕೆ ಸಾಲದು. "ರಾಷ್ಟ್ರ", "ಸ್ತ್ರೀ", "ಸ್ವಾತಂತ್ರ್ಯ" ಇವುಗಳಲ್ಲಿ ಒಂದರ ಪಕ್ಕ ಒಂದು, ಇಲ್ಲವೇ ಒಂದರ ಕೆಳಗೊಂದು ಎರಡು ಒತ್ತು. ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ತಾಗುತ್ತವೆ.

100 ಪಾಯಿಂಟ್ ಅಕ್ಷರಕ್ಕೆ 140ರಿಂದ 150 ಪಾಯಿಂಟ್ ಲೀಡಿಂಗ್ ಕೊಡಿ. ಪ್ರತಿ ಲೇಯರ್‌ಗೂ ಬರೆಯೋದು ಬೇಸರ ಅನಿಸಿದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ "ಜಸ್ಟಿಫಿಕೇಶನ್" ತೆಗೆದು ಅಲ್ಲಿರುವ ಆಟೋ ಲೀಡಿಂಗ್ 120% ಅನ್ನು 145% ಮಾಡಿ.

ಒಂದೇ ಸಾಲು ಮಾತ್ರ ಕಾರಣವಿಲ್ಲದೆ ದೂರ ನಿಂತಿದ್ದರೆ ಅದು ಬೇರೆ ರೋಗ. ಲೀಡಿಂಗ್ ಅನ್ನೋದು ಸಾಲಿನ ಗುಣ ಅಲ್ಲ, ಅಕ್ಷರದ ಗುಣ. ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಲೀಡಿಂಗ್ ಯಾವ ಅಕ್ಷರದ್ದೋ ಸಾಲು ಅದರ ಮಾತು ಕೇಳುತ್ತೆ. ಅಳಿಸಿದ ಶೀರ್ಷಿಕೆಯ ಒಂದು ಖಾಲಿ ಸ್ಪೇಸ್ 200 ಪಾಯಿಂಟಿನಲ್ಲಿ ಉಳಿದಿದ್ದರೂ ಸಾಕು, ಸಾಲು ಅಷ್ಟು ಕೆಳಗೆ ಹೋಗಿಬಿಡುತ್ತೆ. ಸಾಲಿನ ಕೊನೆವರೆಗೂ ಸೆಲೆಕ್ಟ್ ಮಾಡಿ ಅಳತೆಯ ಖಾನೆ ನೋಡಿ. ಖಾನೆ ಖಾಲಿ ತೋರಿಸಿದರೆ ಒಳಗೆ ಎರಡು ಅಳತೆ ಸೇರಿಕೊಂಡಿವೆ ಅಂತ ಅರ್ಥ.

ಧಾರವಾಡ್_ಪೇಡೆ

ಗೆರೆಚುಕ್ಕಿ ಅವರೇ, ಟ್ರ್ಯಾಕಿಂಗ್, ಅಂದ್ರ ಅಕ್ಷರಗಳ ನಡುವಿನ ಜಾಗದ ಬಗ್ಗೆನೂ ಹೇಳ್ರಿ. ಶೀರ್ಷಿಕೆ ಅಗಲ ಮಾಡಾಕ ಭಾಳ ಮಂದಿ ಟ್ರ್ಯಾಕಿಂಗ್ 100, 200 ಕೊಡ್ತಾರ.

ಗೆರೆಚುಕ್ಕಿ

ಹೌದು, ಅದು ದೊಡ್ಡ ತಪ್ಪು. ಬಹಳ ಕನ್ನಡ ಫಾಂಟ್‌ಗಳಲ್ಲಿ ಒತ್ತು ಬೇರೆ ತುಂಡು, ಅದಕ್ಕೆ ಅದರದೇ ಅಗಲ ಇರುತ್ತೆ. ಟ್ರ್ಯಾಕಿಂಗ್ ಹೆಚ್ಚಿಸಿದರೆ ಪ್ರತಿ ತುಂಡಿನ ನಂತರವೂ ಜಾಗ ಸೇರುತ್ತೆ, ಒತ್ತು ತನ್ನ ಅಕ್ಷರ ಬಿಟ್ಟು ಬಲಕ್ಕೆ ಜಾರುತ್ತೆ. "ರಾಜ್ಯೋತ್ಸವ"ದಲ್ಲಿ ಯ ಒತ್ತು ಜ ಕೆಳಗಿಂದ ತ ಕಡೆಗೆ ವಾಲಿದರೆ ಓದುವವರಿಗೆ ತೊಡಕು. ಟ್ರ್ಯಾಕಿಂಗ್ 0 ಇರಲಿ. ಅಗಲ ಬೇಕಿದ್ದರೆ ಅಗಲವಾದ ಫಾಂಟನ್ನೇ ಆರಿಸಿ. ಅನೇಕ್ ಕನ್ನಡ ವೇರಿಯಬಲ್ ಫಾಂಟ್, ಅದರಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟಕ್ಕೆ ಹೊಂದಿಸಬಹುದು. ದುಂಡಗಿನ ದಪ್ಪ ಅಕ್ಷರ ಬೇಕಿದ್ದರೆ ಬಾಲೂ ತಮ್ಮ.

ಫಾಕ್ಸ್ ಬೋಲ್ಡ್ (ಫೋಟೋಶಾಪ್ ಕೃತಕವಾಗಿ ಮಾಡುವ ದಪ್ಪ ಅಕ್ಷರ) ಕೂಡ ಬೇಡ. ಅದು ಗೆರೆಯ ಸುತ್ತ ಮಂದ ಮಾಡುತ್ತೆ ಅಷ್ಟೆ, ಕನ್ನಡದ ಸಣ್ಣ ಸುರುಳಿಗಳ ಹೊಟ್ಟೆ ಮುಚ್ಚಿಹೋಗುತ್ತೆ. ಥ ಮತ್ತು ಧ ನಡುವಿನ ವ್ಯತ್ಯಾಸ ದೂರದಿಂದ ತಿಳಿಯೋದಿಲ್ಲ. ಮೇಲಾಗಿ ಫಾಕ್ಸ್ ಬೋಲ್ಡ್ ಇರುವ ಲೇಯರನ್ನು "ಕನ್ವರ್ಟ್ ಟು ಶೇಪ್" (ಅಕ್ಷರವನ್ನು ಫಾಂಟ್ ಬೇಡದ ಆಕಾರವಾಗಿ ಬದಲಿಸೋದು) ಮಾಡೋಕೆ ಫೋಟೋಶಾಪ್ ಒಪ್ಪೋದೇ ಇಲ್ಲ. ನೋಟೋ ಸ್ಯಾನ್ಸ್ ಕನ್ನಡದಲ್ಲಿ ನಿಜವಾದ ಬೋಲ್ಡ್, ಬ್ಲ್ಯಾಕ್ ಇವೆ, ಅವನ್ನು ಹಾಕಿ.

ಕೆರೆಕೋಡಿ

ಫಾಕ್ಸ್ ಬೋಲ್ಡ್ ಹಾಕಿದ್ದೆ, ತೆಗೆದೆ. ಬಾಲೂ ತಮ್ಮ ಇಳಿಸಿ ಇನ್‌ಸ್ಟಾಲ್ ಮಾಡಿದೆ, ವರ್ಡ್‌ನಲ್ಲಿ ಇದೆ, ಫೋಟೋಶಾಪ್ ಪಟ್ಟಿಯಲ್ಲಿ ಕಾಣ್ತಿಲ್ಲ.

ನೀಲಿಶಾಯಿ

ವಿಂಡೋಸ್ 10ರಲ್ಲಿ ಫಾಂಟ್ ಮೇಲೆ ಡಬಲ್ ಕ್ಲಿಕ್ ಮಾಡಿ "ಇನ್‌ಸ್ಟಾಲ್" ಒತ್ತಿದರೆ ಅದು ಆ ಬಳಕೆದಾರನ ಫೋಲ್ಡರ್‌ಗೆ ಮಾತ್ರ ಹೋಗಬಹುದು. ಕೆಲವು ಸಾಫ್ಟ್‌ವೇರ್ ಅಲ್ಲಿ ಹುಡುಕೋದಿಲ್ಲ. ಆ ಫಾಂಟ್ ತೆಗೆದುಹಾಕಿ, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಕೊಡಿ, ಫೋಟೋಶಾಪ್ ಮತ್ತೆ ತೆರೆಯಿರಿ. ಒಂದೇ ಫಾಂಟಿನ ಎರಡು ಆವೃತ್ತಿ ಒಟ್ಟಿಗೆ ಇಟ್ಟುಕೊಳ್ಳಬೇಡಿ, ಯಾವುದನ್ನು ಎತ್ತಿಕೊಂಡಿದೆ ಅಂತ ನಿಮಗೇ ತಿಳಿಯೋದಿಲ್ಲ.

ಲಿನಕ್ಸ್_ಅಂಗಳ

ಇಷ್ಟೆಲ್ಲ ಯಾಕೆ, ಫೋಟೋಶಾಪ್ ಥರದ್ದೇ ಉಚಿತ ಸಾಫ್ಟ್‌ವೇರ್ ಗಿಂಪ್ ಬಳಸಿ. ಅದು ಪ್ಯಾಂಗೋ ಮತ್ತು ಹಾರ್ಫ್‌ಬಜ್ ಅನ್ನೋ ಎಂಜಿನ್‌ಗಳ ಮೂಲಕ ಅಕ್ಷರ ಜೋಡಿಸುತ್ತೆ, ಎಂಜಿನ್ ಆರಿಸುವ ಪ್ರಶ್ನೆಯೇ ಇಲ್ಲ. ಒತ್ತಕ್ಷರ ಮೊದಲ ದಿನದಿಂದಲೇ ಸರಿ. ಇಂಕ್‌ಸ್ಕೇಪ್ ಕೂಡ ಹಾಗೇ. ಕ್ರಿಟಾ ಕೂಡ 2023ರಲ್ಲಿ ಬಂದ 5.2ನೇ ಆವೃತ್ತಿಯಲ್ಲಿ ಟೆಕ್ಸ್ಟ್ ಎಂಜಿನ್ ಹೊಸದಾಗಿ ಬರೆದುಕೊಂಡು ಹಾರ್ಫ್‌ಬಜ್‌ಗೆ ಬಂದಿದೆ.

ಗೆರೆಚುಕ್ಕಿ

ಗಿಂಪ್‌ನಲ್ಲಿ ಅಕ್ಷರ ಸರಿ, ಒಪ್ಪಿದೆ. ಆದರೆ ಅದರ 2.10ನೇ ಆವೃತ್ತಿಯಲ್ಲಿ ಟೆಕ್ಸ್ಟ್ ಲೇಯರನ್ನು ಸ್ಕೇಲ್ ಅಥವಾ ಪರ್ಸ್ಪೆಕ್ಟಿವ್ ಮಾಡಿದ ಮೇಲೆ ಅದು ಬರೀ ಚಿತ್ರ. ಮತ್ತೆ ತಿದ್ದೋಕೆ ಹೋದರೆ ಮಾಡಿದ್ದೆಲ್ಲ ಹೋಗುತ್ತೆ ಅಂತ ಎಚ್ಚರಿಕೆ ಬರುತ್ತೆ. ಅಂಚಿಗೆ ಬಣ್ಣದ ಗೆರೆ ಬೇಕಂದರೆ ಟೆಕ್ಸ್ಟ್‌ನಿಂದ ಪಾತ್ (ಹೊರಗೆರೆ) ಮಾಡಿ, ಬೇರೆ ಲೇಯರ್‌ನಲ್ಲಿ ಸ್ಟ್ರೋಕ್ ಕೊಡಬೇಕು. ಫೋಟೋಶಾಪ್‌ನ ಪಿಎಸ್‌ಡಿ ಅಲ್ಲಿ ತೆರೆದರೆ ಟೈಪ್ ಲೇಯರ್ ಎಲ್ಲ ಪಿಕ್ಸೆಲ್ ಆಗಿ ಬರುತ್ತೆ. ಕೆರೆಕೋಡಿ ಅವರು ಅರ್ಧ ಕೆಲಸ ಮುಗಿಸಿದ್ದಾರೆ, ಈಗ ಗಾಡಿ ಬದಲಿಸು ಅನ್ನೋದು ಸರಿಯಲ್ಲ.

ಲಿನಕ್ಸ್_ಅಂಗಳ

2025ರಲ್ಲಿ ಬಂದ ಗಿಂಪ್ 3.0ರಲ್ಲಿ ಟೆಕ್ಸ್ಟ್ ಟೂಲ್‌ನಲ್ಲೇ ಔಟ್‌ಲೈನ್ ಇದೆ, ಪಾತ್ ಮಾಡುವ ಹಂಗಿಲ್ಲ. ಅಳತೆ ಬದಲಿಸೋಕೆ ಸ್ಕೇಲ್ ಟೂಲ್ ಬೇಡ, ಫಾಂಟ್ ಅಳತೆಯನ್ನೇ ಬದಲಿಸಿ, ಆಗ ಟೆಕ್ಸ್ಟ್ ಟೆಕ್ಸ್ಟಾಗೇ ಉಳಿಯುತ್ತೆ. ಈ ಕೆಲಸ ಫೋಟೋಶಾಪ್‌ನಲ್ಲೇ ಮುಗಿಯಲಿ, ಅದು ಸರಿ. ಹೊಸದಾಗಿ ಶುರು ಮಾಡುವವರಿಗೆ ಹೇಳಿದೆ.

ಬಣ್ಣದಂಗಡಿ

ನಾಲ್ಕನೇದು ನಾನು ಹೇಳ್ತೀನಿ. 10 ಅಡಿ ಅಂದರೆ 120 ಇಂಚು. 300 ಡಿಪಿಐಗೆ 36,000 ಪಿಕ್ಸೆಲ್ ಆಯ್ತು. ಪಿಎಸ್‌ಡಿಯ ಮಿತಿ 30,000 ಪಿಕ್ಸೆಲ್, ಫೈಲ್ ಗಾತ್ರ 2 ಜಿಬಿ. ಅದಕ್ಕೇ ಸೇವ್ ಆಗ್ತಿಲ್ಲ. ದೊಡ್ಡ ಫೈಲ್‌ಗಳಿಗಿರುವ ಪಿಎಸ್‌ಬಿ ಆಗಿ ಉಳಿಸಬಹುದು, ಆದರೆ ಅಷ್ಟು ಯಾಕೆ? ಫ್ಲೆಕ್ಸ್ ನೋಡೋದು ಹತ್ತು ಹದಿನೈದು ಅಡಿ ದೂರದಿಂದ. 72 ಡಿಪಿಐ ಸಾಕು: 8,640 ಅಗಲ, 3,456 ಎತ್ತರ. ಅಂಗಡಿಯವರು 100 ಕೇಳಿದರೆ 12,000 ಮತ್ತು 4,800.

ಇಮೇಜ್ ಸೈಜ್‌ನಲ್ಲಿ ಇಳಿಸುವಾಗ "ರೀಸ್ಯಾಂಪಲ್" ಟಿಕ್ ಇರಲೇಬೇಕು. ಟಿಕ್ ತೆಗೆದು 300ನ್ನು 72 ಮಾಡಿದರೆ ಪಿಕ್ಸೆಲ್ ಅಷ್ಟೇ ಇರುತ್ತೆ, ಅಡಿಯ ಲೆಕ್ಕ 40 ದಾಟುತ್ತೆ, ಅಕ್ಷರದ ಪಾಯಿಂಟ್ ಸಂಖ್ಯೆ ಕೂಡ ಹಾರುತ್ತೆ. ಪಾಯಿಂಟ್ ಅನ್ನೋದು ಇಂಚಿನ 72ನೇ ಒಂದು ಭಾಗ. 300 ಡಿಪಿಐನಲ್ಲಿ 12 ಪಾಯಿಂಟ್ ಅಂದರೆ 50 ಪಿಕ್ಸೆಲ್, 72ರಲ್ಲಿ ಬರೀ 12. ಬೇರೆ ಫೈಲ್‌ನಿಂದ ಲೇಯರ್ ಎಳೆದು ತಂದಾಗ ಅಕ್ಷರ ಒಮ್ಮೆಗೇ ದೊಡ್ಡದೋ ಚಿಕ್ಕದೋ ಕಾಣೋದು ಇದಕ್ಕೇ.

ವೇಗದೂತ

72 ಅಂದರೆ ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಬರಲ್ವಾ?

ಬಣ್ಣದಂಗಡಿ

ಹತ್ತಿರ ನಿಂತು ನೋಡಿದರೆ ಸಣ್ಣ ಅಕ್ಷರದಲ್ಲಿ ಕಾಣುತ್ತೆ. ಹಾಗಾಗಿ ಜೇಪೆಗ್ ಕೊಡಬೇಡಿ. ಟೈಪ್ ಲೇಯರ್ ಹಾಗೇ ಇಟ್ಟು ಫೋಟೋಶಾಪ್ ಪಿಡಿಎಫ್ ಆಗಿ ಉಳಿಸಿ. ಹಿನ್ನೆಲೆ ಚಿತ್ರ 72ರಲ್ಲೇ ಇರುತ್ತೆ, ಅಕ್ಷರ ಮಾತ್ರ ವೆಕ್ಟರ್ (ಪಿಕ್ಸೆಲ್ ಬದಲು ಗೆರೆಯ ಲೆಕ್ಕ) ಆಗಿ ಹೋಗಿ ಅಂಚು ನುಣುಪಾಗಿ ಬರುತ್ತೆ. ಲೇಯರ್‌ಗಳನ್ನು ಫ್ಲ್ಯಾಟನ್ ಮಾಡಿ ಒಂದೇ ಚಿತ್ರವಾಗಿಸಿದರೆ ಈ ಲಾಭ ಇಲ್ಲ.

ಮುದ್ರಣಮಿತ್ರ

ಅಂಗಡಿಯಲ್ಲಿ ಅದನ್ನು ಕೋರಲ್ ಡ್ರಾ ಅನ್ನೋ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ತೆರೆದು ಅಳತೆ ಹೊಂದಿಸ್ತಾರೆ. ಅಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಇನ್ನೊಂದನ್ನು ಹಾಕಿಬಿಡುತ್ತೆ. ಎಕ್ಸ್6ಕ್ಕಿಂತ ಹಳೆಯ ಕೋರಲ್ ಆದರೆ ಯೂನಿಕೋಡ್ ಕನ್ನಡದ ಒತ್ತಕ್ಷರ ಮತ್ತೆ ಒಡೆಯುತ್ತೆ, ಫಾಂಟ್ ಒಳಗಿನ ನಿಯಮ ಓದುವ ಓಪನ್‌ಟೈಪ್ ಸೌಲಭ್ಯ ಸರಿಯಾಗಿ ಬಂದದ್ದೇ 2012ರ ಎಕ್ಸ್6ರಲ್ಲಿ. ಕೊಡೋ ಮೊದಲು ಎಲ್ಲ ಟೈಪ್ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ "ಕನ್ವರ್ಟ್ ಟು ಶೇಪ್" ಕೊಡಿ. ಅದಕ್ಕೂ ಮೊದಲು ತಿದ್ದಬಹುದಾದ ಪ್ರತಿ ಒಂದು ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ. ಅತಿಥಿಗಳ ಹೆಸರು ಕೊನೆ ಗಳಿಗೆಯಲ್ಲಿ ಬದಲಾಗೋದು ಇದ್ದಿದ್ದೇ.

ಗೆರೆಚುಕ್ಕಿ

ವೇರಿಯಬಲ್ ಫಾಂಟ್ ಬಳಸಿದ್ದರೆ ಶೇಪ್ ಮಾಡಿದ ಮೇಲೆ ಹಿಗ್ಗಿಸಿ ನೋಡಿ. ಅಂಥ ಫಾಂಟ್‌ಗಳಲ್ಲಿ ಒಂದು ಅಕ್ಷರದ ಗೆರೆಗಳು ಒಂದರ ಮೇಲೊಂದು ಹಾದುಹೋಗುವ ಹಾಗೆ ಬರೆದಿರುತ್ತಾರೆ. ಕೋರಲ್‌ನಲ್ಲಿ ಔಟ್‌ಲೈನ್ ಕೊಟ್ಟರೆ ಒಳಗಿನ ಗೆರೆಯೂ ಕಾಣುತ್ತೆ, ಕೆಲವು ಸಲ ಕೂಡುವ ಜಾಗದಲ್ಲಿ ತೂತು. ಅಲ್ಲಿ ಆ ಅಕ್ಷರ ಆರಿಸಿ "ವೆಲ್ಡ್" ಮಾಡಬೇಕು, ಇಂಕ್‌ಸ್ಕೇಪ್ ಆದರೆ "ಯೂನಿಯನ್". ಈ ತಾಪತ್ರಯ ಬೇಡ ಅಂದರೆ ಅದೇ ಫಾಂಟಿನ ಬಿಡಿ ಬಿಡಿ ದಪ್ಪದ ಫೈಲ್ ಇಳಿಸಿಕೊಳ್ಳಿ.

ಧಾರವಾಡ್_ಪೇಡೆ

ಬಣ್ಣದಂಗಡಿ ಅಣ್ಣಾರ, ಕಪ್ಪು ಬಣ್ಣದ ಬಗ್ಗೆ ಒಂದು ಮಾತು ಹೇಳ್ರಿ.

ಬಣ್ಣದಂಗಡಿ

ಫ್ಲೆಕ್ಸ್‌ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಕಾಗದದ ಆಫ್‌ಸೆಟ್ ಕರಪತ್ರಕ್ಕೆ ಮಾತ್ರ ಸಣ್ಣ ಅಕ್ಷರವನ್ನು ಬರೀ ಕಪ್ಪು ಶಾಯಿಯಲ್ಲೇ ಇಡಿ: ಸಯಾನ್ 0, ಮೆಜೆಂಟಾ 0, ಹಳದಿ 0, ಕಪ್ಪು 100. ಪರದೆಗಿರುವ ಆರ್‌ಜಿಬಿ ಪದ್ಧತಿಯ ಕಪ್ಪು ಪರಿವರ್ತನೆಯಾದರೆ ನಾಲ್ಕೂ ಶಾಯಿ ಬರುತ್ತೆ, ಪ್ಲೇಟ್ ಕೂದಲಷ್ಟು ಸರಿದರೂ ಒತ್ತುಗಳ ಸುತ್ತ ಬಣ್ಣದ ನೆರಳು.

ಚಿಕ್ಕೋಡಿ_ಎಕ್ಸ್‌ಪ್ರೆಸ್

ಒಂದು ಸಂದೇಹ. "ಬೈಕ್ ರ‍್ಯಾಲಿ" ಅಂತ ಬರೆಯೋಕೆ ಹೋದರೆ "ರ್ಯಾಲಿ" ಬರುತ್ತೆ, ಯಾ ಪಕ್ಕ ಅರ್ಕಾವೊತ್ತು. ಇದೂ ಎಂಜಿನ್ ದೋಷವಾ?

ಅಕ್ಷರಬಂಧು

ಅಲ್ಲ, ಎಂಜಿನ್ ಸರಿಯಾಗೇ ಮಾಡುತ್ತಿದೆ. ರ, ವಿರಾಮ, ವ್ಯಂಜನ ಈ ಕ್ರಮದಲ್ಲಿ ಬಂದರೆ ಅರ್ಕಾವೊತ್ತು ಬರಬೇಕು ಅನ್ನೋದೇ ನಿಯಮ. ರ ಹಾಗೇ ನಿಂತು ಯ ಒತ್ತಾಗಬೇಕಿದ್ದರೆ ರ ಆದ ಮೇಲೆ, ವಿರಾಮಕ್ಕಿಂತ ಮೊದಲು, ಕಣ್ಣಿಗೆ ಕಾಣದ ಜೋಡಕ ಒಂದನ್ನು ಹಾಕಬೇಕು, ಶೂನ್ಯ ಅಗಲದ ಜಾಯ್ನರ್.

ಇದರ ಅಣ್ಣ ಇನ್ನೊಬ್ಬ ಇದ್ದಾನೆ, ನಾನ್-ಜಾಯ್ನರ್, ಬಿಡಿಸುವವನು. "ಸಾಫ್ಟ್‌ವೇರ್" ಅನ್ನೋದರಲ್ಲಿ ಟ್ ಆದ ಮೇಲೆ ಅವನಿದ್ದಾನೆ. ಅವನು ಬಿದ್ದುಹೋದರೆ "ಸಾಫ್ಟ್ವೇರ್" ಆಗುತ್ತೆ. ಪರಿವರ್ತಕಗಳೂ ಕೆಲವು ಮೆಸೇಜ್ ಆಪ್‌ಗಳೂ ಈ ಇಬ್ಬರನ್ನೂ ಕಸ ಅಂತ ತೆಗೆದುಹಾಕಿರುತ್ತವೆ, ಅಂತಹ ಪದಗಳನ್ನು ಕೈಯಾರೆ ಸರಿಮಾಡಬೇಕು. ಲಿನಕ್ಸ್‌ನ ಗಿಂಪ್‌ನಲ್ಲಿ ಕಂಟ್ರೋಲ್ ಶಿಫ್ಟ್ ಯು ಒತ್ತಿ, ಎರಡು, ಸೊನ್ನೆ, ಸೊನ್ನೆ, ಇಂಗ್ಲಿಷ್ ಸಿ ಬರೆದು ಎಂಟರ್ ಕೊಟ್ಟರೆ ಬಿಡಿಸುವವನು, ಸಿ ಬದಲು ಡಿ ಕೊಟ್ಟರೆ ಜೋಡಿಸುವವನು. ಇನ್‌ಡಿಸೈನ್‌ನಲ್ಲಿ ವಿಶೇಷ ಅಕ್ಷರಗಳ ಮೆನುವಿನಲ್ಲೇ ನಾನ್-ಜಾಯ್ನರ್ ಇದೆ. ಫೋಟೋಶಾಪ್‌ನಲ್ಲಿ, ಸರಿಯಿರುವ ಪದವನ್ನು ಬೇರೆ ಕಡೆಯಿಂದ ಕಾಪಿ ಮಾಡಿ ತರೋದೇ ಬೇಗ. ನನ್ನ ಈ ಉತ್ತರದಿಂದಲೇ ಮೇಲಿನ "ರ‍್ಯಾಲಿ" ತಗೊಳ್ಳಿ.

ವೇಗದೂತ

ಇಷ್ಟು ಕಷ್ಟದ ಕೀಲಿಮಣೆ ಯಾಕೆ ಬೇಕು, ಮೊಬೈಲ್‌ನಲ್ಲಿ ಮಾತಾಡಿದರೆ ಟೈಪ್ ಆಗುತ್ತಲ್ಲ.

ಮುದ್ರಣಮಿತ್ರ

ಮಾತಿನ ಟೈಪಿಂಗ್‌ನಲ್ಲಿ ಅತಿಥಿಗಳ ಹೆಸರು ಏನಾಗುತ್ತೆ ಅಂತ ನೋಡಿ ಆಮೇಲೆ ಹೇಳಿ. ನುಡಿ ಕೀಲಿಮಣೆ ಕಷ್ಟವೇನಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತಿದೆ, ಕೆ ಒತ್ತಿದರೆ ಕ, ಎಫ್ ಒತ್ತಿದರೆ ವಿರಾಮ. ಬರೆದ ಕ್ರಮದಲ್ಲೇ ಬೆರಳು ಓಡುತ್ತೆ.

ಲಿನಕ್ಸ್_ಅಂಗಳ

ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿತರೆ ಭಾರತದ ಬೇರೆ ಭಾಷೆಗಳಿಗೂ ಅದೇ ಬೆರಳು.

ಮುದ್ರಣಮಿತ್ರ

ಕನ್ನಡ ಒಂದೇ ಬರೆಯುವವನಿಗೆ ಆ ಲಾಭ ಬೇಡ.

ನೀಲಿಶಾಯಿ

ಕೀಲಿಮಣೆ ಚರ್ಚೆಗೆ ಬೇರೆ ಎಳೆ ತೆಗೆಯಿರಿ, ಇಲ್ಲಿ ಬ್ಯಾನರ್ ಮುಗಿಯಲಿ.

ಕೆರೆಕೋಡಿ

ಎಲ್ಲ ಮಾಡಿದೆ. 72 ಡಿಪಿಐ, ಲೀಡಿಂಗ್ 145%, ಶೀರ್ಷಿಕೆ ಬಾಲೂ ತಮ್ಮ, ವಿವರ ನೋಟೋ. ಮ್ಯಾಟರ್ ಯೂನಿಕೋಡ್‌ಗೆ ಬಂತು, "ಕಾರ್ಯಕ್ರಮ" ಎರಡು ಕಡೆ ತಪ್ಪಿತ್ತು, ತಿದ್ದಿದೆ. ಕೊನೆಯ ರೂಪ ಹಾಕ್ತಿದ್ದೀನಿ, ಯಾರಾದರೂ ಒಮ್ಮೆ ಓದಿ:

"ಕನ್ನಡ ರಾಜ್ಯೋತ್ಸವ
ಬೆಳಿಗ್ಗೆ ೮ಕ್ಕೆ ಧ್ವಜಾರೋಹಣ, ೧೦ಕ್ಕೆ ಮಕ್ಕಳ ರ೦ಗೋಲಿ ಸ್ಪರ್ಧೆ
ಸ೦ಜೆ ೬ಕ್ಕೆ ಸಾಂಸ್ಕೃತಿಕ ಕಾರ್ಯಕ್ರಮ, ಬಹುಮಾನ ವಿತರಣೆ
ಎಲ್ಲರಿಗೂ ಸ೦ಘದ ಆದರದ ಸ್ವಾಗತ"

ಅಕ್ಷರಬಂಧು

ಶೇಪ್ ಮಾಡಬೇಡಿ, ನಿಲ್ಲಿ. "ರಂಗೋಲಿ", "ಸಂಜೆ", "ಸಂಘ" ಈ ಮೂರರಲ್ಲಿ ಅನುಸ್ವಾರ ಇಲ್ಲ, ಕನ್ನಡ ಅಂಕಿ ಸೊನ್ನೆ ಇದೆ. "ಸಾಂಸ್ಕೃತಿಕ"ದಲ್ಲಿ ಮಾತ್ರ ನಿಜವಾದ ಅನುಸ್ವಾರ. ಇಲ್ಲಿ ಪರದೆಯ ಮೇಲೆ ಒಂದೇ ಥರ ಕಾಣಬಹುದು. ಹತ್ತಡಿ ಅಗಲಕ್ಕೆ ಹೋದರೆ ಅಂಕಿ ಸೊನ್ನೆ ದೊಡ್ಡದಾಗಿ, ಪಕ್ಕಕ್ಕೆ ಜಾಗ ತಿಂದುಕೊಂಡು ನಿಲ್ಲುತ್ತೆ. ಹುಡುಕಿದರೂ ಪದ ಸಿಗೋದಿಲ್ಲ.

ಎಡಿಟ್ ಮೆನುವಿನಲ್ಲಿ "ಫೈಂಡ್ ಅಂಡ್ ರಿಪ್ಲೇಸ್ ಟೆಕ್ಸ್ಟ್" ತೆಗೆದು, ಎಲ್ಲ ಲೇಯರ್ ಹುಡುಕುವ ಟಿಕ್ ಹಾಕಿ, ಸೊನ್ನೆಯ ಜಾಗಕ್ಕೆ ಅನುಸ್ವಾರ ಕೊಡಿ. ಆದರೆ "ಚೇಂಜ್ ಆಲ್" ಒತ್ತಬೇಡಿ. ನಿಮ್ಮ "೧೦ಕ್ಕೆ"ಯಲ್ಲಿರುವುದು ನಿಜವಾದ ಸೊನ್ನೆ, ಅದೂ ಅನುಸ್ವಾರ ಆಗಿಬಿಡುತ್ತೆ. ಒಂದೊಂದಾಗಿ ನೋಡಿ ಬದಲಿಸಿ.

ಧಾರವಾಡ್_ಪೇಡೆ

ಭಾರಿ ಕಣ್ಣು ನಿಮ್ದು. ನಾನೂ ಎರಡ್ ಸಲ ಓದಿದ್ದೆ, ಕಾಣಲಿಲ್ಲ.

ಕೆರೆಕೋಡಿ

ಒಂದೊಂದಾಗಿ ಬದಲಿಸಿದೆ. ಮೂರು ಕಡೆ ಅನುಸ್ವಾರ ಬಂತು, "೧೦" ಹಾಗೇ ಉಳಿಯಿತು. ತಿದ್ದುವ ಪ್ರತಿ ಬೇರೆ ಇಟ್ಟು, ಶೇಪ್ ಮಾಡಿ, ಪಿಡಿಎಫ್ ತೆಗೆದು ಅಂಗಡಿಗೆ ಕಳಿಸಿದ್ದೇನೆ.